50 ಆರ್‌ಪಿಎಂನಲ್ಲಿ ಎಷ್ಟು ಟಾರ್ಕ್? ಭಾರೀ ಶಾಫ್ಟ್ ಕೆಲಸಕ್ಕೆ ಸಿಎನ್‌ಸಿ ಲೇತ್ ಆರಿಸುವ ಬಗೆ

ಪ್ರಶ್ನೆ: ಬೆಳಗಾವಿ ಉದ್ಯಮಬಾಗದಲ್ಲಿ ನಮ್ಮದು ಜಾಬ್ ವರ್ಕ್ ಮಾಡುವ ಸಣ್ಣ ಶಾಪ್. ಎರಡು ಸಾದಾ ಲೇತ್, ಒಂದು ಸಣ್ಣ ಸಿಎನ್‌ಸಿ ಇವೆ. ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳಿಂದ ದೊಡ್ಡ ಶಾಫ್ಟ್, ಕಪ್ಲಿಂಗ್ ಕೆಲಸ ಬರತೊಡಗಿದೆ. ಅತಿ ದೊಡ್ಡ ಶಾಫ್ಟ್ ಎಂದರೆ 500 ಮಿ.ಮೀ. ವ್ಯಾಸ, 2800 ಮಿ.ಮೀ. ಉದ್ದ. ಗಾಣದ ರೋಲರ್ ಗ್ರೂವಿಂಗ್ (ರೋಲರ್ ಮೈಸುತ್ತ ವಿ ಆಕಾರದ ಕಚ್ಚು ಕಡಿಯುವುದು) ಮಾಡಿಕೊಡುತ್ತೀರಾ ಎಂದೂ ಕೇಳುತ್ತಿದ್ದಾರೆ. ಇಲ್ಲಿನ ಹೈಡ್ರಾಲಿಕ್ಸ್‌ನವರ ದೊಡ್ಡ ಸಿಲಿಂಡರ್ ಕೆಲಸವೂ ಇದೆ. ಕೈಯಲ್ಲಿ ಎರಡು ಕೊಟೇಶನ್ ಇವೆ. ಒಂದು ಸ್ಲಾಂಟ್ ಬೆಡ್ (ಓರೆಯಾದ ಹಾಸು), ಬೆಲ್ಟ್ ಡ್ರೈವ್, 800 ಸ್ವಿಂಗ್ (ತಿರುಗಿಸಬಹುದಾದ ಅತಿ ದೊಡ್ಡ ವ್ಯಾಸ, ಮಿ.ಮೀ.ನಲ್ಲಿ). ಇನ್ನೊಂದು ಫ್ಲಾಟ್ ಬೆಡ್, ಗೇರ್ ಹೆಡ್‌ಸ್ಟಾಕ್ (ಸ್ಪಿಂಡಲ್ ಅಂದರೆ ಜಾಬ್ ತಿರುಗಿಸುವ ದಂಡ ಇರುವ ಪೆಟ್ಟಿಗೆ), 1000 ಸ್ವಿಂಗ್. ಇದರ ಬೆಲೆ ಕಾಲುಪಾಲು ಹೆಚ್ಚು. ಎರಡರಲ್ಲೂ ಮೋಟಾರ್ 22 ಕಿಲೋವ್ಯಾಟ್, ಸೆಂಟರ್ ಅಂತರ 3000 ಮಿ.ಮೀ. ವಿದೇಶದಿಂದ ತರಿಸಿದ ಹಳೆಯ ಮಷಿನ್ ತೋರಿಸುತ್ತೇನೆ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಹೊಸ ಮಷಿನ್ ಕೂರುವುದು ಮುಧೋಳ ರಸ್ತೆಯಲ್ಲಿ ಎರೆ ಜಮೀನಿನಲ್ಲಿ ಕಟ್ಟುವ ಶೆಡ್‌ನಲ್ಲಿ. ಯಾವುದನ್ನು ತೆಗೆದುಕೊಳ್ಳಬೇಕು?

ಉತ್ತರ: ಗೇರ್ ಹೆಡ್‌ಸ್ಟಾಕ್ ಇರುವ ಫ್ಲಾಟ್ ಬೆಡ್ ತೆಗೆದುಕೊಳ್ಳಿ, ಆದರೆ 3000 ಬೇಡ, 4000 ಮಿ.ಮೀ. ಕೇಳಿ. ರೋಲರ್ ಗ್ರೂವಿಂಗ್‌ನ ಆಸೆಯನ್ನು ಈ ಮಷಿನ್ ಮೇಲೆ ಇಟ್ಟುಕೊಳ್ಳಬೇಡಿ. ಏಕೆ ಎಂಬುದನ್ನು ನಿಮ್ಮದೇ ಶಾಫ್ಟ್‌ನ ಲೆಕ್ಕದಿಂದ ನೋಡೋಣ. ಈ ಲೆಕ್ಕವನ್ನು ನೀವೇ ಒಮ್ಮೆ ಕಾಗದದ ಮೇಲೆ ಹಾಕಿದರೆ ಮಾರುವವರ ಮುಂದೆ ಕೂತಾಗ ಯಾವ ಪ್ರಶ್ನೆ ಕೇಳಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ.

ಮೊದಲು ತೂಕ. ಉಕ್ಕಿನ ದುಂಡು ಸರಕಿಗೆ ಸುಲಭ ಲೆಕ್ಕ: ವ್ಯಾಸವನ್ನು ಮಿ.ಮೀ.ನಲ್ಲಿ ವರ್ಗ ಮಾಡಿ, ಉದ್ದವನ್ನು ಮೀಟರ್‌ನಲ್ಲಿ ಗುಣಿಸಿ, 0.006165ರಿಂದ ಗುಣಿಸಿದರೆ ಕೆ.ಜಿ. ಸಿಗುತ್ತದೆ. ನಿಮ್ಮ ಶಾಫ್ಟ್ 500 × 500 × 2.8 × 0.006165, ಅಂದರೆ ಸುಮಾರು 4300 ಕೆ.ಜಿ. ಇದು ಫಿನಿಶ್ ಸೈಜಿನ ತೂಕ. ಫೋರ್ಜಿಂಗ್ (ಬಡಿದು ರೂಪ ಕೊಟ್ಟ ಕಚ್ಚಾ ಸರಕು) ಬರುವಾಗ ಮೈಮೇಲೆ ಎರಡೂ ಕಡೆ 15 ಮಿ.ಮೀ. ಇದ್ದರೆ ವ್ಯಾಸ 530, ತೂಕ 4800 ದಾಟುತ್ತದೆ. ಕ್ರೇನ್ ಎತ್ತುವುದು, ಸ್ಪಿಂಡಲ್ ಹೊರುವುದು ಈ ತೂಕವನ್ನೇ.

ಕ್ಯಾಟಲಾಗ್‌ನಲ್ಲಿ ಜಾಬ್ ತೂಕ ಎಂದು ಒಂದೇ ಅಂಕಿ ಬರೆದಿದ್ದರೆ ಒಪ್ಪಬೇಡಿ. ಬರೀ ಚಕ್‌ನಲ್ಲಿ (ಸ್ಪಿಂಡಲ್ ಮೂತಿಯ ಹಿಡಿಕೆ) ಹಿಡಿದಾಗ, ಚಕ್ ಮತ್ತು ಟೇಲ್‌ಸ್ಟಾಕ್ (ಇನ್ನೊಂದು ತುದಿಗೆ ಆಧಾರ ಕೊಡುವ ಭಾಗ) ನಡುವೆ ಹಿಡಿದಾಗ, ಸ್ಟೆಡಿ (ನಡುವಿನ ಆಧಾರ) ಕೊಟ್ಟು ಹಿಡಿದಾಗ ಹೀಗೆ ಮೂರು ಬೇರೆ ಬೇರೆ ಅಂಕಿಗಳಿರುತ್ತವೆ, ಮೊದಲನೆಯದಕ್ಕೂ ಮೂರನೆಯದಕ್ಕೂ ನಾಲ್ಕೈದು ಪಟ್ಟು ವ್ಯತ್ಯಾಸ ಬರುವುದುಂಟು. ಮೂರನ್ನೂ ಬರಹದಲ್ಲಿ ಕೇಳಿ ಪಡೆಯಿರಿ. ಆ ತೂಕದಲ್ಲಿ ಚಕ್ ಸೇರಿದೆಯೋ ಇಲ್ಲವೋ ಎಂಬುದನ್ನೂ ಕೇಳಿ. 800 ಮಿ.ಮೀ.ನ ನಾಲ್ಕು ಜಾ ಚಕ್ ಒಂದೇ ಅರ್ಧ ಟನ್ ಆಸುಪಾಸು ಇರುತ್ತದೆ, ಅದೂ ಸ್ಪಿಂಡಲ್‌ನ ಮುಂದಿನ ಬೇರಿಂಗ್ ಮೇಲೆಯೇ ಕೂತಿರುತ್ತದೆ.

ಇನ್ನು ಟಾರ್ಕ್, ಅಂದರೆ ತಿರುಗಿಸುವ ಬಲ. ಎರಡು ಕೊಟೇಶನ್‌ಗಳ ನಡುವಿನ ನಿಜವಾದ ವ್ಯತ್ಯಾಸ ಇರುವುದು ಇಲ್ಲಿ. 45ಸಿ8 ಎಂಬ ಮಧ್ಯಮ ಇಂಗಾಲದ ಉಕ್ಕಿನಲ್ಲಿ ರಫಿಂಗ್ (ದಪ್ಪ ಕಟ್‌ನಲ್ಲಿ ಒರಟಾಗಿ ಕಡಿಯುವುದು) ಮಾಡುವಾಗ ಪ್ರತಿ ಚದರ ಮಿ.ಮೀ. ಚಿಪ್‌ಗೆ ಸುಮಾರು 2000 ನ್ಯೂಟನ್ ಬಲ ಬೇಕು ಎಂದು ಹಿಡಿಯಿರಿ. 8 ಮಿ.ಮೀ. ಕಟ್, 0.6 ಫೀಡ್ (ಸುತ್ತಿಗೆ 0.6 ಮಿ.ಮೀ. ಮುನ್ನಡೆ) ಕೊಟ್ಟರೆ ಚಿಪ್‌ನ ಅಳತೆ 4.8 ಚದರ ಮಿ.ಮೀ., ಬಲ 9600 ನ್ಯೂಟನ್. 500 ವ್ಯಾಸಕ್ಕೆ ತ್ರಿಜ್ಯ 0.25 ಮೀಟರ್, ಹಾಗಾಗಿ ಸ್ಪಿಂಡಲ್‌ನಲ್ಲಿ 2400 ನ್ಯೂಟನ್ ಮೀಟರ್ ಟಾರ್ಕ್ ಬೇಕು. ಕಟಿಂಗ್ ಸ್ಪೀಡ್ ನಿಮಿಷಕ್ಕೆ 80 ಮೀಟರ್ ಇಟ್ಟರೆ ಸ್ಪಿಂಡಲ್ ಸುತ್ತುವುದು 51 ಆರ್‌ಪಿಎಂ. ಕಟಿಂಗ್‌ಗೆ ಬೇಕಾದ ಪವರ್ ಬರೀ 12.8 ಕಿಲೋವ್ಯಾಟ್. 22 ಕಿಲೋವ್ಯಾಟ್ ಮೋಟಾರ್‌ಗೆ ಇದೇನು ಮಹಾ ಎನಿಸುತ್ತದೆ.

ಆದರೆ ಸ್ಪಿಂಡಲ್ ಮೋಟಾರ್ ತನ್ನ ಪೂರ್ತಿ ಪವರ್ ಕೊಡುವುದು ಬೇಸ್ ಸ್ಪೀಡ್ ಮುಟ್ಟಿದ ಮೇಲೆ ಮಾತ್ರ. ಅದಕ್ಕಿಂತ ಕೆಳಗೆ ಟಾರ್ಕ್ ಅಷ್ಟೇ ಇದ್ದು ಪವರ್ ಇಳಿಯುತ್ತ ಹೋಗುತ್ತದೆ. ಟಾರ್ಕ್ ಲೆಕ್ಕ: 9550ನ್ನು ಕಿಲೋವ್ಯಾಟ್‌ನಿಂದ ಗುಣಿಸಿ ಬೇಸ್ ಆರ್‌ಪಿಎಂನಿಂದ ಭಾಗಿಸಿ. ಬೆಲ್ಟ್ ಡ್ರೈವ್ ಮಷಿನ್‌ನಲ್ಲಿ ಸ್ಪಿಂಡಲ್ ಕಡೆಯ ಬೇಸ್ ಸ್ಪೀಡ್ 250 ಆರ್‌ಪಿಎಂ ಎಂದಿಟ್ಟುಕೊಳ್ಳಿ. 22 ಕಿಲೋವ್ಯಾಟ್‌ಗೆ ಸಿಗುವುದು 840 ನ್ಯೂಟನ್ ಮೀಟರ್. ನಿಮಗೆ ಬೇಕಾದುದರ ಮೂರನೇ ಒಂದು ಭಾಗ. 51 ಆರ್‌ಪಿಎಂನಲ್ಲಿ ಆ ಮೋಟಾರ್‌ನಿಂದ ಬರುವುದು ನಾಲ್ಕೂವರೆ ಕಿಲೋವ್ಯಾಟ್ ಮಾತ್ರ. ಅದೇ 22 ಕಿಲೋವ್ಯಾಟ್ ಮೋಟಾರ್, ಗೇರ್ ಹೆಡ್‌ಸ್ಟಾಕ್‌ನ ಲೋ ರೇಂಜ್‌ನಲ್ಲಿ ಬೇಸ್ ಸ್ಪೀಡ್ 50ಕ್ಕೆ ಇಳಿದರೆ 4200 ನ್ಯೂಟನ್ ಮೀಟರ್ ಕೊಡುತ್ತದೆ. ಕಬ್ಬು ಹೇರಿದ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಏರು ಬಂದಾಗ ಲೋ ಗೇರಿಗೆ ಬರುತ್ತದಲ್ಲ, ಇದೂ ಅದೇ ಲೆಕ್ಕ.

ಇದರ ಪರಿಣಾಮ ಸಮಯದ ಮೇಲೆ ಎಷ್ಟು ಎಂದು ನೋಡಿ. 0.6 ಫೀಡ್, 51 ಆರ್‌ಪಿಎಂಗೆ ನಿಮಿಷಕ್ಕೆ 30 ಮಿ.ಮೀ. ಸಾಗುತ್ತದೆ, 2800 ಮಿ.ಮೀ.ಗೆ ಒಂದು ಪಾಸ್ ಒಂದೂವರೆ ಗಂಟೆ. ಮೈಮೇಲಿನ 15 ಮಿ.ಮೀ.ಯನ್ನು 8 ಮತ್ತು 7ರಂತೆ ಎರಡು ಪಾಸ್‌ನಲ್ಲಿ ತೆಗೆದರೆ ಮೂರು ಗಂಟೆ. ಟಾರ್ಕ್ ಸಾಲದ ಮಷಿನ್‌ನಲ್ಲಿ ಕಟ್ 2.8 ಮಿ.ಮೀ.ಗೆ ಇಳಿಸಬೇಕು, ಆರು ಪಾಸ್ ಬೇಕು, ಒಂಬತ್ತು ಗಂಟೆ. ಕಟ್ ಸಣ್ಣದಾಯಿತಲ್ಲ ಎಂದು ಸ್ಪೀಡನ್ನು 120 ಮೀಟರ್‌ಗೆ ಏರಿಸಿದರೂ ಆರು ಗಂಟೆ ಹಿಡಿಯುತ್ತದೆ, ಇನ್ಸರ್ಟ್ (ಟೂಲ್ ತುದಿಯ ಕಡಿಯುವ ತುಂಡು) ಬೇಗ ಸವೆಯುತ್ತದೆ. ಇನ್ನೂ ಒಂದು ಕೆಟ್ಟ ಸಂಗತಿ: ಫೋರ್ಜಿಂಗ್‌ನ ಕರಿ ಸಿಪ್ಪೆ ಅಂಕುಡೊಂಕಾಗಿರುತ್ತದೆ. 2.8 ಮಿ.ಮೀ. ಕಟ್‌ನಲ್ಲಿ ಇನ್ಸರ್ಟ್‌ನ ಮೂತಿ ಆ ಸಿಪ್ಪೆಯೊಳಗೇ ಉಜ್ಜುತ್ತ ಹೋಗುತ್ತದೆ, ಒಂದೇ ಪಾಸ್‌ಗೆ ಅಂಚು ಚಕ್ಕೆ ಏಳುತ್ತದೆ. ಮೊದಲ ಪಾಸ್‌ನಲ್ಲೇ ಸಿಪ್ಪೆಯ ಕೆಳಗೆ ಇಳಿದು ಕಡಿಯಬೇಕು, ಅದಕ್ಕೆ ಟಾರ್ಕ್ ಬೇಕು.

22 ಕಿಲೋವ್ಯಾಟ್ ಎಂಬ ಅಂಕಿಯನ್ನೂ ಕೆದಕಿ ನೋಡಿ. ಬಹಳ ಸಲ ಅದು 30 ನಿಮಿಷದ ರೇಟಿಂಗ್ ಆಗಿರುತ್ತದೆ, ನಿರಂತರ ರೇಟಿಂಗ್ 18.5 ಇರುತ್ತದೆ. ನಿಮ್ಮ ಒಂದು ಪಾಸ್ ಒಂದೂವರೆ ಗಂಟೆ ಓಡುವುದರಿಂದ ನಿರಂತರ ರೇಟಿಂಗನ್ನೇ ಲೆಕ್ಕಕ್ಕೆ ಹಿಡಿಯಬೇಕು. ಗೇರ್ ಮಷಿನ್‌ನಲ್ಲಿ 18.5 ಕಿಲೋವ್ಯಾಟ್‌ಗೂ 50 ಆರ್‌ಪಿಎಂನಲ್ಲಿ 3500 ನ್ಯೂಟನ್ ಮೀಟರ್ ಸಿಗುತ್ತದೆ. 2400 ಬೇಕಾದಲ್ಲಿ 3500 ಇರುವುದು ಹೆಚ್ಚಾಯಿತು ಅನಿಸಬಾರದು; ಇನ್ಸರ್ಟ್ ಸವೆದಂತೆ ಬಲ ಏರುತ್ತದೆ, ಗೇರ್‌ಗಳಲ್ಲೂ ಸ್ವಲ್ಪ ಪೋಲಾಗುತ್ತದೆ. ಆದ್ದರಿಂದ ಇಬ್ಬರಿಂದಲೂ ಸ್ಪಿಂಡಲ್‌ನ ಪವರ್ ಮತ್ತು ಟಾರ್ಕ್ ಗ್ರಾಫ್ ತರಿಸಿಕೊಳ್ಳಿ. ಮೋಟಾರ್‌ನ ಗ್ರಾಫ್ ಬೇಡ, ಗೇರ್ ಅಥವಾ ಬೆಲ್ಟ್ ದಾಟಿ ಸ್ಪಿಂಡಲ್ ಮೂತಿಯಲ್ಲಿ ಸಿಗುವ ಟಾರ್ಕ್‌ನ ಗ್ರಾಫ್ ಬೇಕು. 50 ಆರ್‌ಪಿಎಂ ಇರುವಲ್ಲಿ ನೆಟ್ಟಗೆ ಗೆರೆ ಎಳೆದು ಅಂಕಿ ಓದಿ. ಗ್ರಾಫ್ ಕೊಡಲು ಹಿಂದೆಮುಂದೆ ನೋಡುವವರ ಮಷಿನ್ ಬೇಡ.

ಗೇರ್ ಹೆಡ್‌ಸ್ಟಾಕ್‌ನಲ್ಲಿ ಎರಡು ರೇಂಜ್‌ಗಿಂತ ನಾಲ್ಕು ಇದ್ದರೆ ಒಳ್ಳೆಯದು. ಎರಡೇ ಇದ್ದಾಗ ಲೋ ರೇಂಜ್ ಮುಗಿದು ಹೈ ರೇಂಜ್ ಬೇಸ್ ಸ್ಪೀಡ್ ಮುಟ್ಟುವವರೆಗೆ ನಡುವೆ ಪವರ್ ಕುಸಿಯುತ್ತದೆ, 150ರಿಂದ 300 ಮಿ.ಮೀ. ವ್ಯಾಸದ ಜಾಬ್‌ಗಳು ಅದೇ ಹಳ್ಳದಲ್ಲಿ ಬೀಳುವ ಸಂಭವ ಇರುತ್ತದೆ. ರೇಂಜ್ ಬದಲಾವಣೆ ಪ್ರೋಗ್ರಾಂನಿಂದಲೇ ಆಗಬೇಕು. ಗೇರ್‌ಗಳು ಗ್ರೈಂಡ್ ಆಗಿರಬೇಕು, ಎಣ್ಣೆಗೆ ತಂಪು ಮಾಡುವ ಚಿಲ್ಲರ್ ಇರಬೇಕು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಶೆಡ್ ಒಳಗಿನ ಬಿಸಿ 40 ಡಿಗ್ರಿ ಮುಟ್ಟುವಾಗ ಗೇರ್ ಬಾಕ್ಸ್ ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿ. ಕಾರ್ಖಾನೆಗಳ ಓವರ್‌ಹಾಲ್ ಕೆಲಸ ಬರುವುದೂ ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ, ಅದೇ ಬೇಸಿಗೆಯಲ್ಲಿ.

ಸ್ಲಾಂಟ್ ಬೆಡ್ ಕೆಟ್ಟದ್ದಲ್ಲ. ಚಿಪ್ಸ್ ತಾನೇ ಜಾರಿ ಕೆಳಗೆ ಬೀಳುತ್ತದೆ, ಟರೆಟ್ ಬೇಗ ತಿರುಗುತ್ತದೆ, ಒಂದೇ ಬಗೆಯ ನೂರಾರು ಫ್ಲಾಂಜ್ ಮಾಡುವವರಿಗೆ ಅದೇ ಸರಿ. ನಾಲ್ಕೈದು ಟನ್ ಶಾಫ್ಟ್‌ಗೆ ಮಾತ್ರ ಬೇರೆ ಬೇಕುಗಳಿವೆ. ಕ್ರೇನ್‌ನಿಂದ ಜಾಬನ್ನು ನೇರ ಮೇಲಿಂದ ಇಳಿಸಬೇಕು, ಎರಡು ಕಡೆ ಸ್ಟೆಡಿ ನಿಲ್ಲಿಸಬೇಕು, ಆಪರೇಟರ್ ಹತ್ತಿರ ಹೋಗಿ ಮೈಕ್ರೋಮೀಟರ್ ಹಿಡಿಯಬೇಕು. ಇದೆಲ್ಲ ಫ್ಲಾಟ್ ಬೆಡ್‌ನಲ್ಲಿ ಸಲೀಸು. ಫ್ಲಾಟ್ ಬೆಡ್‌ನಲ್ಲೂ ಸ್ಯಾಡಲ್‌ಗೆ (ಟೂಲ್ ಹೊತ್ತು ಓಡುವ ಭಾಗ) ಎರಡು, ಟೇಲ್‌ಸ್ಟಾಕ್ ಮತ್ತು ಸ್ಟೆಡಿಗೆ ಎರಡು ಎಂದು ನಾಲ್ಕು ಗೈಡ್‌ವೇ ಇರುವುದನ್ನೇ ಆರಿಸಿ. ಆಗ ಸ್ಯಾಡಲ್ ಟೇಲ್‌ಸ್ಟಾಕ್‌ನ ಪಕ್ಕದವರೆಗೂ ಓಡಾಡುತ್ತದೆ, ಟೇಲ್‌ಸ್ಟಾಕ್ ಓಡಾಟದಿಂದ ಸ್ಯಾಡಲ್‌ನ ದಾರಿ ಸವೆಯುವುದಿಲ್ಲ. ಬಾಕ್ಸ್ ವೇ (ಮೈಗೆ ಮೈ ತಾಗಿ ಜಾರುವ ಚೌಕ ಹಳಿ) ಇರಲಿ, ಹಾರ್ಡನ್ ಮಾಡಿ ಗ್ರೈಂಡ್ ಮಾಡಿದ್ದು, ಸ್ಯಾಡಲ್ ತಳಕ್ಕೆ ಟರ್ಸೈಟ್ (ಜಾರುವ ಪ್ಲಾಸ್ಟಿಕ್ ಪಟ್ಟಿ) ಅಂಟಿಸಿದ್ದು. ಗುಂಡು ಅಥವಾ ರೋಲರ್ ಮೇಲೆ ಓಡುವ ಎಲ್‌ಎಂ ಗೈಡ್ ವೇಗವಾಗಿ ಓಡುತ್ತದೆ ನಿಜ. ಆದರೆ ಕೀವೇ ಇರುವ ಹಳೇ ಶಾಫ್ಟ್‌ಗೆ ವೆಲ್ಡಿಂಗ್ ತುಂಬಿ ತಂದುಕೊಡುತ್ತಾರಲ್ಲ, ಅಂಥದ್ದನ್ನು ಕಡಿಯುವಾಗ ಪ್ರತಿ ಸುತ್ತಿಗೂ ಬೀಳುವ ಏಟನ್ನು ನುಂಗುವ ಗುಣ ಬಾಕ್ಸ್ ವೇಯಲ್ಲಿ ಹೆಚ್ಚು. ನಿಮ್ಮ ಬಳಿ ಬರುವ ರಿಪೇರಿ ಜಾಬ್‌ಗಳಲ್ಲಿ ಅರ್ಧ ಇಂಥವೇ ಇರುತ್ತವೆ.

ಸ್ವಿಂಗ್ ಅಂಕಿಯಲ್ಲೂ ಮೋಸಹೋಗಬೇಡಿ. 1000 ಎಂದು ದಪ್ಪ ಅಕ್ಷರದಲ್ಲಿ ಬರೆದಿರುವುದು ಬೆಡ್ ಮೇಲಿನ ಸ್ವಿಂಗ್. ಶಾಫ್ಟ್ ಹಾದುಹೋಗಬೇಕಾದದ್ದು ಕ್ರಾಸ್ ಸ್ಲೈಡ್ ಮೇಲೆ, ಅಲ್ಲಿ ಉಳಿಯುವುದು 650 ಆಸುಪಾಸು. ನಿಮ್ಮ 530 ಫೋರ್ಜಿಂಗ್‌ಗೆ ಅದು ಸಾಕು. 800 ಸ್ವಿಂಗ್ ಮಷಿನ್‌ನಲ್ಲಿ ಅದೇ ಅಳತೆ ಎಷ್ಟು ಉಳಿಯುತ್ತದೆ ಎಂದು ಡ್ರಾಯಿಂಗ್‌ನಲ್ಲಿ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಕಪ್ಲಿಂಗ್‌ಗಳು ಚಕ್‌ನ ಮುಂದೆಯೇ ಇರುವುದರಿಂದ ಅವಕ್ಕೆ ಬೆಡ್ ಸ್ವಿಂಗ್ ಸಿಗುತ್ತದೆ, ಆದರೆ ಟೂಲ್ ಆ ವ್ಯಾಸದವರೆಗೆ ಹೊರಗೆ ಬರುವಷ್ಟು ಎಕ್ಸ್ ಓಟ ಇರಬೇಕು. 850ರ ಕಪ್ಲಿಂಗ್‌ನ ಮುಖವನ್ನು ನಡುಮಧ್ಯದವರೆಗೆ ಫೇಸಿಂಗ್ ಮಾಡಲು 425 ಮಿ.ಮೀ.ಗಿಂತ ಹೆಚ್ಚು ಓಟ ಬೇಕೇಬೇಕು.

ಸೆಂಟರ್ ಅಂತರ 3000 ಸಾಲದು ಎಂದದ್ದು ಇದಕ್ಕೆ: 800 ಚಕ್, ಅದರ ಅಡಾಪ್ಟರ್ ಪ್ಲೇಟ್ ಸೇರಿ ಸ್ಪಿಂಡಲ್ ಮೂತಿಯಿಂದ 250ರಿಂದ 300 ಮಿ.ಮೀ. ತಿನ್ನುತ್ತದೆ. 2800ರ ಜಾಬ್ ಕೂಡಿಸಿದರೆ 3050 ಆಯಿತು. ಜಾಬ್ ಇಳಿಸಿ ಎತ್ತುವಾಗ ಟೇಲ್ ಕಡೆ ಕನಿಷ್ಠ 100, 150 ಮಿ.ಮೀ. ಸಡಿಲ ಬೇಕು. ಭಾರೀ ರಫಿಂಗ್‌ಗೆ ಸೆಂಟರ್‌ಗಳ ನಡುವೆ ಡಾಗ್ (ಜಾಬ್‌ಗೆ ಬಿಗಿಯುವ ಕೊಂಡಿ) ಹಾಕಿ ಹಿಡಿಯುವುದು ಆಗದ ಮಾತು, ಚಕ್ ಬೇಕು. ಕೆಲವು ಮೇಕರ್ ಈ ಅಂತರವನ್ನು ಸೆಂಟರ್ ಮೊನೆಯಿಂದ ಅಳೆದರೆ ಕೆಲವರು ಬೇರೆ ಕಡೆಯಿಂದ ಅಳೆಯುತ್ತಾರೆ. ನಿಮ್ಮ ಶಾಫ್ಟ್‌ನ ಚಿತ್ರವನ್ನೇ ಕೊಟ್ಟು, ಚಕ್ ಮತ್ತು ಲೈವ್ ಸೆಂಟರ್ (ಜಾಬ್ ಜತೆ ತಿರುಗುವ ಟೇಲ್‌ಸ್ಟಾಕ್ ಮೊನೆ) ಸಮೇತ ಮಷಿನ್ ಮೇಲೆ ಕೂರಿಸಿದ ಲೇಔಟ್ ಡ್ರಾಯಿಂಗ್ ಮಾಡಿಕೊಡಿ ಎನ್ನಿ. ನಾಳೆ 3200 ಉದ್ದದ ಶಾಫ್ಟ್ ಬಂದರೆ ಕೈಚೆಲ್ಲಿ ಕೂರಬಾರದು. ಬೆಡ್‌ಗೆ ಒಂದು ಮೀಟರ್ ಸೇರಿಸಲು ಈಗ ಕೊಡುವ ಹಣ ಮಷಿನ್ ಬೆಲೆಯ ಸಣ್ಣ ಪಾಲು, ಆಮೇಲೆ ಯಾವ ಬೆಲೆಗೂ ಬೆಡ್ ಬೆಳೆಯುವುದಿಲ್ಲ.

ಟೇಲ್‌ಸ್ಟಾಕ್ ಬಗ್ಗೆ ಬಹುತೇಕರು ಏನೂ ಕೇಳುವುದಿಲ್ಲ, ಭಾರೀ ಶಾಫ್ಟ್ ಕೆಲಸ ಕೆಡುವುದು ಹೆಚ್ಚಾಗಿ ಅಲ್ಲೇ. ಜಾಬ್‌ನ ಅರ್ಧ ತೂಕ, ಅಂದರೆ ಸುಮಾರು 2.4 ಟನ್ ಲೈವ್ ಸೆಂಟರ್ ಮೇಲೆ ಕೂರುತ್ತದೆ, ಅದರ ಮೇಲೆ ಕಟಿಂಗ್ ಬಲ ಬೇರೆ ಒಂದು ಟನ್ ಹತ್ತಿರ. ಲೈವ್ ಸೆಂಟರ್‌ನ ರೇಡಿಯಲ್ ಲೋಡ್ ಈ ಮೊತ್ತಕ್ಕಿಂತ ಸಾಕಷ್ಟು ಮೇಲಿರಬೇಕು. ಕ್ವಿಲ್ (ಸೆಂಟರ್ ಹಿಡಿದು ಹಿಂದೆ ಮುಂದೆ ಸರಿಯುವ ದಂಡ) ವ್ಯಾಸ 150ಕ್ಕಿಂತ ಕಡಿಮೆ ಬೇಡ, ಟೇಪರ್ ಮೋರ್ಸ್ 6ರ ಬದಲು ಮೆಟ್ರಿಕ್ 80 ಇರಲಿ. ಒಳಗೇ ಬೇರಿಂಗ್ ಕೂರಿಸಿದ ಟೇಲ್‌ಸ್ಟಾಕ್ ಸಿಕ್ಕರೆ ಇನ್ನೂ ಗಟ್ಟಿ. ಜಾಬ್‌ನಲ್ಲಿ ಸಣ್ಣ ಸೆಂಟರ್ ಡ್ರಿಲ್‌ನ ತೂತು ಹಾಕಿ ಇಷ್ಟು ಭಾರ ಹೊರಿಸಬೇಡಿ. 60 ಡಿಗ್ರಿ ಕೋನವನ್ನು ಬೋರಿಂಗ್‌ನಲ್ಲಿ ದೊಡ್ಡದಾಗಿ ತೆಗೆಯಿರಿ. ಸಣ್ಣ ತೂತಿನ ಅಂಚು ನುಗ್ಗಾದರೆ ಶಾಫ್ಟ್ ಕಣ್ಣಿಗೆ ಕಾಣದಷ್ಟು ಕೆಳಗಿಳಿಯುತ್ತದೆ, ಫಿನಿಶ್ ಪಾಸ್‌ನಲ್ಲಿ ಟೇಪರ್ ಬರುತ್ತದೆ, ಆಪರೇಟರ್ ಇಡೀ ದಿನ ಆಫ್‌ಸೆಟ್ ತಿದ್ದುತ್ತ ಕೂರುತ್ತಾನೆ.

ಕ್ವಿಲ್ ಹೈಡ್ರಾಲಿಕ್ ಆಗಿರಲಿ, ಒತ್ತಡ ತೋರಿಸುವ ಗೇಜ್ ಇರಲಿ. ರಫಿಂಗ್‌ನಲ್ಲಿ ಶಾಫ್ಟ್ 15 ಡಿಗ್ರಿ ಬಿಸಿಯಾದರೆ 2800 ಮಿ.ಮೀ. ಉದ್ದ ಸುಮಾರು ಅರ್ಧ ಮಿ.ಮೀ. ಬೆಳೆಯುತ್ತದೆ. ಸ್ಕ್ರೂ ಹಾಕಿ ಬಿಗಿದ ಕ್ವಿಲ್ ಹಿಂದೆ ಸರಿಯುವುದಿಲ್ಲ. ಬೆಳೆದ ಉದ್ದ ಸೆಂಟರ್‌ನ ಬೇರಿಂಗನ್ನು ಸುಡುತ್ತದೆ, ತೆಳು ಶಾಫ್ಟ್ ಆದರೆ ಬಿಲ್ಲಿನಂತೆ ಬಾಗುತ್ತದೆ. ಹೈಡ್ರಾಲಿಕ್ ಕ್ವಿಲ್ ಅದೇ ಒತ್ತಡದಲ್ಲಿ ಹಿಂದೆ ಸರಿದು ಜಾಗ ಕೊಡುತ್ತದೆ.

ಬಿಸಿಯ ಮಾತು ಬಂದಾಗ ಅಳತೆಯದ್ದೂ ಹೇಳಬೇಕು. 500 ವ್ಯಾಸದ ಬೇರಿಂಗ್ ಸೀಟ್‌ಗೆ ಎಚ್6 ಟಾಲರೆನ್ಸ್ ಕೊಟ್ಟರೆ ಒಟ್ಟು ಅವಕಾಶ 40 ಮೈಕ್ರಾನ್. ಜಾಬ್ 10 ಡಿಗ್ರಿ ಬಿಸಿ ಇದ್ದಾಗ ಅಳೆದರೆ ವ್ಯಾಸ 57 ಮೈಕ್ರಾನ್ ಹೆಚ್ಚು ತೋರಿಸುತ್ತದೆ. ಸರಿಯಾಗಿದೆ ಎಂದು ಇಳಿಸಿದ ಶಾಫ್ಟ್ ಮರುದಿನ ಬೆಳಿಗ್ಗೆ ಸಣ್ಣದಾಗಿರುತ್ತದೆ, ಕೈಯಲ್ಲಿ ಸ್ಕ್ರ್ಯಾಪ್ ಉಳಿಯುತ್ತದೆ. ರಫಿಂಗ್ ಸಂಜೆ ಮುಗಿಸಿ, ಟೇಲ್‌ಸ್ಟಾಕ್ ಒತ್ತಡ ಕಡಿಮೆ ಮಾಡಿ ರಾತ್ರಿ ಬಿಡಿ. ಫಿನಿಶಿಂಗ್ ಬೆಳಿಗ್ಗೆ ತಂಪು ಹೊತ್ತಿನಲ್ಲಿ ಮಾಡಿ. ಮೈಕ್ರೋಮೀಟರ್ ಮತ್ತು ಸೆಟ್ಟಿಂಗ್ ರಾಡ್ ಎರಡನ್ನೂ ರಾತ್ರಿಯೇ ಮಷಿನ್ ಪಕ್ಕ ಇಟ್ಟಿರಬೇಕು, ಎಸಿ ಕೋಣೆಯಿಂದ ತಂದು ಹಿಡಿಯಬಾರದು.

ಟೂಲ್ ಹಿಡಿಯಲು ಎಂಟು ಸ್ಟೇಷನ್‌ನ ಹೈಡ್ರಾಲಿಕ್ ಟರೆಟ್ ಆಕರ್ಷಕವಾಗಿ ಕಾಣುತ್ತದೆ. ನಿಮ್ಮ ಕೆಲಸಕ್ಕೆ 40 × 40 ಶ್ಯಾಂಕ್ ಹಿಡಿಯುವ ನಾಲ್ಕು ಸ್ಟೇಷನ್‌ನ ಭಾರೀ ಟೂಲ್‌ಪೋಸ್ಟ್ ಸಾಕು, ಅದೇ ಹೆಚ್ಚು ಬಿಗಿ. ಸ್ಟೆಡಿ ಎರಡು ಬೇಕು, ರೋಲರ್ ತುದಿಯವು. ಉದ್ದ ವ್ಯಾಸದ ಹತ್ತು ಪಟ್ಟು ಮೀರಿದ ಜಾಬ್‌ಗೆ ಸ್ಟೆಡಿ ಇಲ್ಲದೆ ಕೈಹಾಕಬೇಡಿ.

ಹೈಡ್ರಾಲಿಕ್ ಕೆಲಸದಲ್ಲಿ ರಾಡ್ ಮತ್ತು ಟ್ಯೂಬ್ ಬೇರೆ ಬೇರೆ ಎಂದು ತಿಳಿಯಿರಿ. ರಾಡ್ ತುದಿಗೆ ಥ್ರೆಡ್, ಟ್ಯೂಬ್ ಹೊರಮೈ, ಬಾಯಿಯ ಥ್ರೆಡ್ ಇವೆಲ್ಲ ಈ ಲೇತ್‌ನಲ್ಲಿ ಚೆನ್ನಾಗಿ ಆಗುತ್ತವೆ. 100 ಮಿ.ಮೀ. ರಾಡ್ ಸ್ಪಿಂಡಲ್ ಒಳಗೆ ತೂರಬೇಕಾದರೆ ಬೋರ್ 105ಕ್ಕಿಂತ ಕಡಿಮೆ ಇರಬಾರದು, 130 ಅಥವಾ 155 ಸಿಕ್ಕರೆ ಬಿಡಬೇಡಿ. ಹಿಂದೆ ಹೊರಚಾಚುವ ರಾಡ್‌ಗೆ ಆಧಾರ ಕೊಡದೆ ಸ್ಪಿಂಡಲ್ ತಿರುಗಿಸಿದರೆ ಬಾಲ ಬಾಗಿ ಚಾಟಿಯಂತೆ ಬೀಸುತ್ತದೆ, ಪಕ್ಕದಲ್ಲಿದ್ದವರ ಜೀವಕ್ಕೇ ಅಪಾಯ. ಟ್ಯೂಬ್ ಒಳಮೈ ಮಾತ್ರ ಇಲ್ಲಿ ಬೇಡ. ಉಕ್ಕಿನ ಬೋರಿಂಗ್ ಬಾರ್ ತನ್ನ ವ್ಯಾಸದ ನಾಲ್ಕು ಪಟ್ಟು ಚಾಚುವವರೆಗೆ ಮಾತು ಕೇಳುತ್ತದೆ, ಡ್ಯಾಂಪಿಂಗ್ ಇರುವ ದುಬಾರಿ ಬಾರ್ ಹತ್ತು ಪಟ್ಟಿನವರೆಗೆ. ಒಂದೂವರೆ, ಎರಡು ಮೀಟರ್ ಟ್ಯೂಬ್‌ನ ಒಳಮೈಗೆ ಡೀಪ್ ಹೋಲ್ ಬೋರಿಂಗ್ ಮತ್ತು ಹೋನಿಂಗ್ ಮಷಿನ್‌ಗಳೇ ಬೇಕು. ಬೆಳಗಾವಿಯಲ್ಲಿ ಹೋನಿಂಗ್ ಆದ ಟ್ಯೂಬ್ ತರಿಸಿಕೊಳ್ಳುವುದು ಕಷ್ಟವಲ್ಲ. ನೀವು ಉಳಿದದ್ದನ್ನು ಮಾಡಿ.

ಈಗ ಗಾಣದ ರೋಲರ್. 36 ಇಂಚು × 72 ಇಂಚು ಗಾಣದ ಒಂದು ರೋಲರ್, ಉಕ್ಕಿನ ಶಾಫ್ಟ್ ಮೇಲೆ ಎರಕದ ಶೆಲ್ ಕೂರಿಸಿದ್ದು, ಎರಡೂ ಕಡೆಯ ಜರ್ನಲ್ ಸೇರಿ 12 ಟನ್ ಆಸುಪಾಸು ಬರುತ್ತದೆ. ಉದ್ದ ನಾಲ್ಕು ಮೀಟರ್ ಸುತ್ತಮುತ್ತ. ದೊಡ್ಡ ಗಾಣಗಳ ರೋಲರ್ ವ್ಯಾಸ 1100 ದಾಟುತ್ತದೆ. 1100 ವ್ಯಾಸದ ಎರಕದ ಮೇಲೆ 8 ಮಿ.ಮೀ. ಕಟ್, 0.8 ಫೀಡ್ ಕೊಟ್ಟರೆ ಬಲ 7700 ನ್ಯೂಟನ್‌ನಷ್ಟೇ, ಪವರ್ ಆರು ಕಿಲೋವ್ಯಾಟ್ ಚಿಲ್ಲರೆ ಮಾತ್ರ. ಟಾರ್ಕ್ ಮಾತ್ರ 4200 ನ್ಯೂಟನ್ ಮೀಟರ್, ಅದೂ 14 ಆರ್‌ಪಿಎಂನಲ್ಲಿ. ವಿ ಗ್ರೂವ್ ಕಡಿಯುವಾಗ ಟೂಲ್‌ನ ಎರಡೂ ಅಂಚು ಕಚ್ಚುವುದರಿಂದ ಸ್ಪೀಡ್ ಇನ್ನೂ ಇಳಿಸಬೇಕು. ನಿಮಿಷಕ್ಕೆ 12 ಮೀಟರ್ ಅಂದರೆ 3.5 ಆರ್‌ಪಿಎಂ. ಅಷ್ಟು ನಿಧಾನವಾಗಿ, ಅಷ್ಟು ಭಾರ ಹೊತ್ತು, ನಡುಗದೆ ತಿರುಗುವ ಮಷಿನ್‌ನ ಜಾತಿಯೇ ಬೇರೆ: ಕ್ರಾಸ್ ಸ್ಲೈಡ್ ಮೇಲೆ 1250 ಸ್ವಿಂಗ್, 20 ಟನ್ ಸಾಮರ್ಥ್ಯ, ಫೇಸ್‌ಪ್ಲೇಟ್. ಅಂಥದ್ದನ್ನು ಕೊಂಡರೆ ನಿಮ್ಮ 200 ಮಿ.ಮೀ. ಶಾಫ್ಟ್‌ಗಳಿಗೆ ಅದು ನಿಧಾನ, ದುಬಾರಿ. ಮೇಲಾಗಿ ಅನೇಕ ಕಾರ್ಖಾನೆಗಳ ವರ್ಕ್‌ಶಾಪ್‌ನಲ್ಲಿ ಗ್ರೂವಿಂಗ್‌ಗೆಂದೇ ಹಳೆಯ ಲೇತ್ ಇರುತ್ತದೆ, ಹೊರಗೆ ಬರುವ ಕೆಲಸ ಕೆಲವೇ ತಿಂಗಳದ್ದು. ಐದಾರು ಕಾರ್ಖಾನೆಗಳಿಂದ ಬರಹದಲ್ಲಿ ಭರವಸೆ ಸಿಕ್ಕ ದಿನ ಅದಕ್ಕೆ ಬೇರೆ ಮಷಿನ್ ಯೋಚಿಸಿ.

ಎರೆ ಮಣ್ಣಿನ ಬುನಾದಿ ಬಗ್ಗೆ ನಿಮ್ಮ ಪ್ರಶ್ನೆಯಲ್ಲಿ ಒಂದೇ ಮಾತಿದೆ, ನನ್ನ ಮಟ್ಟಿಗೆ ಟಾರ್ಕ್‌ನ ನಂತರ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೇ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಎಷ್ಟೇ ದಪ್ಪ ಕಾಂಕ್ರೀಟ್ ಹಾಕಿದರೂ ಇಡೀ ಹಾಸು ಏಳುತ್ತ ಬೀಳುತ್ತ ಇರುತ್ತದೆ. ಬೆಡ್ ಒಂದು ತುದಿಯಲ್ಲಿ ಒಂದು ಕಡೆಗೆ, ಇನ್ನೊಂದು ತುದಿಯಲ್ಲಿ ಇನ್ನೊಂದು ಕಡೆಗೆ ವಾಲಿದರೆ ತಿರುಚಿಕೊಳ್ಳುತ್ತದೆ. ಮೀಟರ್‌ಗೆ 0.1 ಮಿ.ಮೀ. ವಾಲಿದರೂ, ಗೈಡ್‌ವೇಗಿಂತ 500 ಮಿ.ಮೀ. ಎತ್ತರದಲ್ಲಿರುವ ಟೂಲ್ 0.05 ಮಿ.ಮೀ. ಸರಿಯುತ್ತದೆ, ವ್ಯಾಸದಲ್ಲಿ 0.1 ಮಿ.ಮೀ. ಟೇಪರ್ ಬರುತ್ತದೆ. ಕಂಟ್ರೋಲರ್ ಎಷ್ಟೇ ಒಳ್ಳೆಯದಿದ್ದರೂ ಇದನ್ನು ತಿದ್ದಲಾಗದು.

ಆದ್ದರಿಂದ ಎರೆ ಮಣ್ಣನ್ನು ಪೂರ್ತಿ ತೆಗೆದು ಗರಸು ಅಥವಾ ಕಲ್ಲು ಸಿಗುವವರೆಗೆ ಅಗೆಯಿರಿ. ನಾಲ್ಕೈದು ಅಡಿಯಲ್ಲಿ ಸಿಕ್ಕರೆ ಅಲ್ಲಿಂದ ಗರಸು ತುಂಬಿ ಪದರ ಪದರವಾಗಿ ನೀರು ಹಾಕಿ ದಮ್ಮಸು ಮಾಡಿ ಮೇಲೆ ಬನ್ನಿ. ಬಹಳ ಆಳಕ್ಕೆ ಹೋದರೆ ಸ್ಟ್ರಕ್ಚರಲ್ ಇಂಜಿನಿಯರ್ ಕೇಳಿ ಅಂಡರ್ ರೀಮ್ಡ್ ಪೈಲ್ ಹಾಕಿಸಿ. ಎರೆ ಮಣ್ಣಿಗೆಂದೇ ಇರುವ ಪೈಲ್ ಅದು. ಮೇಲೆ ಎಂ25 ಕಾಂಕ್ರೀಟ್, ಕೆಳಗೂ ಮೇಲೂ ಎರಡು ಪದರ ಸರಳು, ದಪ್ಪ ಮೇಕರ್ ಡ್ರಾಯಿಂಗ್ ಪ್ರಕಾರ. ಈ ಬುನಾದಿ ಶೆಡ್‌ನ ಕಂಬದ ಬುನಾದಿಗೆ ತಾಗಬಾರದು, ಸುತ್ತ ಒಂದು ಇಂಚು ಸಂದು ಬಿಡಿ. ಕ್ರೇನ್ ಓಡಿದಾಗ ಕಂಬ ನಡುಗಿದರೆ ಆ ನಡುಕ ಫಿನಿಶ್ ಮೇಲೆ ಅಲೆಯಾಗಿ ಕಾಣುತ್ತದೆ. ಶೆಡ್ ಸುತ್ತ ಮಳೆನೀರು ನಿಲ್ಲದಂತೆ ಚರಂಡಿ ಇರಲಿ, ಮಷಿನ್ ಕೂಲಂಟ್ ನೆಲಕ್ಕಿಳಿದು ಬುನಾದಿ ಅಂಚಿಗೆ ಸೇರದಂತೆ ನೋಡಿಕೊಳ್ಳಿ. 28 ದಿನ ಕ್ಯೂರಿಂಗ್ ಆಗದೆ ಮಷಿನ್ ಇಳಿಸಬೇಡಿ. ಏಪ್ರಿಲ್‌ನ ಓವರ್‌ಹಾಲ್ ಕೆಲಸ ಹಿಡಿಯಬೇಕೆಂದರೆ ಬುನಾದಿ ಜನವರಿಯಲ್ಲಿ ಮುಗಿದಿರಬೇಕು.

ಕ್ರೇನ್ 10 ಟನ್‌ನದ್ದು ಹಾಕಿ. ಜಾಬ್ ಐದು ಟನ್ ಆದರೂ ಚಕ್, ಸ್ಟೆಡಿ ಎತ್ತುವುದಕ್ಕೆ, ಮಷಿನ್ ಬಿಚ್ಚುವುದಕ್ಕೆ ಬೇಕಾಗುತ್ತದೆ. ಕೊಕ್ಕೆಯ ಎತ್ತರವನ್ನು ಮಷಿನ್‌ನ ಸೆಂಟರ್ ಎತ್ತರ, ಜಾಬ್ ವ್ಯಾಸ, ಸರಪಳಿಯ ಉದ್ದ ಕೂಡಿಸಿ ನೋಡಿ. ಅವಳಿ ವೇಗದ ಹಾಯ್ಸ್ಟ್ ಇಲ್ಲದಿದ್ದರೆ ಜಾಬ್ ಸೆಂಟರ್‌ಗೆ ಕೂರಿಸುವಾಗ ಒಂದು ಏಟು ಬಿದ್ದರೂ ಲೈವ್ ಸೆಂಟರ್ ಹಾಳು.

ಕರೆಂಟ್: ಸ್ಪಿಂಡಲ್, ಸರ್ವೋ, ಹೈಡ್ರಾಲಿಕ್, ಕನ್ವೇಯರ್ ಎಲ್ಲ ಕೂಡಿ ಈ ಮಷಿನ್‌ಗೆ ಎಷ್ಟು ಕೆವಿಎ ಬೇಕು ಎಂದು ಮೇಕರ್‌ನಿಂದ ಪಡೆದು ಹೆಸ್ಕಾಂಗೆ ಮೊದಲೇ ಅರ್ಜಿ ಹಾಕಿ. ಊರಾಚೆಯ ಫೀಡರ್‌ನಲ್ಲಿ ವೋಲ್ಟೇಜ್ ಏರಿಳಿತ ಇದ್ದೇ ಇರುತ್ತದೆ, ಪಂಪ್‌ಸೆಟ್‌ಗಳಿಗೆ ಕರೆಂಟ್ ಬಿಡುವ ಹೊತ್ತಿನಲ್ಲಿ ಅಳೆದು ನೋಡಿ. ಸರ್ವೋ ಸ್ಟೆಬಿಲೈಸರ್, ಐಸೊಲೇಶನ್ ಟ್ರಾನ್ಸ್‌ಫಾರ್ಮರ್, ಬೇರೆಯದೇ ಅರ್ಥಿಂಗ್ ಮೂರೂ ಬೇಕು. 8 ಮಿ.ಮೀ. ಕಟ್ ನಡುವೆ ಕರೆಂಟ್ ಹೋದರೆ ಇನ್ಸರ್ಟ್ ಜಾಬ್‌ನಲ್ಲೇ ಸಿಕ್ಕಿ ಮುರಿಯುತ್ತದೆ. ಕರೆಂಟ್ ಹೋದ ಕ್ಷಣದಲ್ಲಿ ಟೂಲನ್ನು ಹಿಂದೆಳೆಯುವ ಸೌಲಭ್ಯ ಇದೆಯೇ ಎಂದು ಕೇಳಿ.

ಕಂಟ್ರೋಲರ್ ಫಾನುಕ್ ಆಗಲಿ ಸೀಮೆನ್ಸ್ ಆಗಲಿ, ನಿಮ್ಮ ಆಪರೇಟರ್‌ಗೆ ರೂಢಿ ಇರುವುದನ್ನೇ ತೆಗೆದುಕೊಳ್ಳಿ. ಒಂದು ಎಚ್ಚರಿಕೆ ಮಾತ್ರ: ದೊಡ್ಡ ಚಕ್‌ನಲ್ಲಿ ಜಿ96 (ಕಟಿಂಗ್ ಸ್ಪೀಡನ್ನು ಒಂದೇ ಮಟ್ಟದಲ್ಲಿಡುವ ಆದೇಶ) ಹಾಕಿ ಫೇಸಿಂಗ್ ಮಾಡುವಾಗ ಟೂಲ್ ನಡುವಿಗೆ ಹೋದಂತೆ ಆರ್‌ಪಿಎಂ ಏರುತ್ತಲೇ ಹೋಗುತ್ತದೆ. ಫಾನುಕ್‌ನಲ್ಲಿ ಜಿ50, ಸೀಮೆನ್ಸ್‌ನಲ್ಲಿ ಲಿಮ್ಸ್ ಹಾಕಿ ಚಕ್ ಮೇಲೆ ಕೆತ್ತಿದ ಆರ್‌ಪಿಎಂಗಿಂತ ಕೆಳಗೆ ಮಿತಿ ಕಟ್ಟದೆ ಒಂದು ಪ್ರೋಗ್ರಾಂ ಕೂಡ ಓಡಿಸಬಾರದು.

ಹಳೆಯ ವಿದೇಶಿ ಮಷಿನ್ ಬೆಲೆಯಲ್ಲಿ ಮನಸ್ಸು ಸೆಳೆಯುತ್ತದೆ, ಎರಕವೂ ಗಟ್ಟಿ ಇರುತ್ತದೆ. ಕರೆಂಟ್ ಕೊಟ್ಟು ಓಡುವ ಸ್ಥಿತಿಯಲ್ಲಿ ತೋರಿಸದಿದ್ದರೆ ಮುಂದೆ ಮಾತೇ ಬೇಡ. ಬೆಡ್ ಸವೆಯುವುದು ಹೆಡ್‌ಸ್ಟಾಕ್ ಪಕ್ಕದ ಮೊದಲ ಒಂದು ಮೀಟರ್‌ನಲ್ಲಿ. ಸ್ಯಾಡಲ್ ಎಂದೂ ಹೋಗದ ಬೆಡ್ ತುದಿಯ ಮೇಲ್ಮೈಗೂ ಆ ಜಾಗಕ್ಕೂ ಬೆರಳು ಆಡಿಸಿದರೆ ಮೆಟ್ಟಿಲು ಸಿಗುತ್ತದೆಯೇ ನೋಡಿ, ಆಮೇಲೆ ಡಯಲ್ ಇಟ್ಟು ಅಳೆಯಿರಿ. ಎಲ್ಲ ಗೇರ್ ರೇಂಜ್‌ನಲ್ಲೂ ಅರ್ಧ ಅರ್ಧ ಗಂಟೆ ಓಡಿಸಿ ಸದ್ದು ಕೇಳಿ, ಹೆಡ್‌ಸ್ಟಾಕ್ ಎಣ್ಣೆಯನ್ನು ಬಿಳಿ ಬಟ್ಟೆ ಮೇಲೆ ತೆಗೆದು ಹೊಳೆಯುವ ಲೋಹದ ಪುಡಿ ಇದೆಯೇ ನೋಡಿ. ಕಂಟ್ರೋಲರ್ ಹಳೆಯದಾಗಿ ಬಿಡಿಭಾಗ ಸಿಗದಂತಿದ್ದರೆ ಹೊಸ ಕಂಟ್ರೋಲರ್, ಡ್ರೈವ್, ಮೋಟಾರ್, ವೈರಿಂಗ್‌ನ ಖರ್ಚನ್ನು ಇವತ್ತೇ ಬೆಲೆಗೆ ಕೂಡಿಸಿ. ಬೆಡ್ ಗ್ರೈಂಡಿಂಗ್ ಕೂಡ ಬೇಕೆಂದಾದರೆ ಹೊಸದನ್ನೇ ಕೊಳ್ಳುವುದು ಲೇಸು.

ಆರ್ಡರ್ ಕೊಡುವಾಗ ಪರೀಕ್ಷೆಯ ಷರತ್ತು ಬರೆಸಿ. ಐಎಸ್ಒ 13041 ಪ್ರಕಾರದ ಜ್ಯಾಮಿತಿ ರಿಪೋರ್ಟ್ ಕೊಡುವುದು ವಾಡಿಕೆ, ಅದು ಇರಲಿ. ಅದಕ್ಕಿಂತ ಹೆಚ್ಚಾಗಿ ನಿಮ್ಮದೇ ಒಂದು ಫೋರ್ಜಿಂಗನ್ನು ಮೇಕರ್ ಕಾರ್ಖಾನೆಗೆ ಕಳಿಸಿ. 8 ಮಿ.ಮೀ. ಕಟ್, 0.6 ಫೀಡ್, 51 ಆರ್‌ಪಿಎಂನಲ್ಲಿ ಪೂರ್ತಿ ಉದ್ದಕ್ಕೆ ಒಂದು ಪಾಸ್ ನಿಮ್ಮ ಕಣ್ಣೆದುರು ಆಗಬೇಕು. ಲೋಡ್ ಮೀಟರ್ 100 ದಾಟಬಾರದು, ಕಡಿದ ಮೈ ಮೇಲೆ ಚಾಟರ್‌ನ ಗುರುತು ಇರಬಾರದು, ಮುಗಿದ ಮೇಲೆ ಹೆಡ್‌ಸ್ಟಾಕ್ ಮುಂಭಾಗಕ್ಕೆ ಕೈ ಇಟ್ಟರೆ ತಡೆಯುವಷ್ಟೇ ಬಿಸಿ ಇರಬೇಕು. ಮರುದಿನ ಅದೇ ಜಾಬ್‌ಗೆ ಫಿನಿಶ್ ಪಾಸ್ ಹಾಕಿಸಿ ಐದು ಕಡೆ ವ್ಯಾಸ ಅಳೆಯಿರಿ. ಚಿಪ್ ಕನ್ವೇಯರ್ ಆ ದಪ್ಪ ಸುರುಳಿಗಳನ್ನು ಸಿಕ್ಕಿಸಿಕೊಳ್ಳದೆ ಹೊರಹಾಕುತ್ತದೆಯೇ ಎಂಬುದೂ ಆಗಲೇ ಗೊತ್ತಾಗುತ್ತದೆ; ಎರಕದ ಕಪ್ಲಿಂಗ್‌ನ ಪುಡಿಗೆ ಹಿಂಜ್ ಬೆಲ್ಟ್ ಸಾಲದು, ಸ್ಕ್ರೇಪರ್ ಜಾತಿಯದು ಬೇಕು.

ನಿಮ್ಮ ಶೆಡ್‌ಗೆ ಬಂದ ಮೇಲೆ ಮೀಟರ್‌ಗೆ 0.02 ಮಿ.ಮೀ. ತೋರಿಸುವ ಲೆವೆಲ್ ಇಟ್ಟು ಬೆಡ್ ಕೂರಿಸಿ, ಬೋಲ್ಟ್ ಬಿಗಿದ ಮೇಲೂ ಮತ್ತೆ ನೋಡಿ. ಒಂದು ವಾರ, ಒಂದು ತಿಂಗಳು, ಮೂರು ತಿಂಗಳಾದ ಮೇಲೆ, ಮತ್ತು ಮೊದಲ ಮಳೆಗಾಲ ಕಳೆದ ಕೂಡಲೇ ಲೆವೆಲ್ ಮರುಪರೀಕ್ಷೆ ಆಗಬೇಕು, ಈ ಭೇಟಿಗಳ ಖರ್ಚು ಮೇಕರ್‌ನದೇ ಎಂದು ಆರ್ಡರ್‌ನಲ್ಲಿ ಬರೆದಿರಲಿ. ಕೊನೆಯ ಕಂತಿನ ಹತ್ತು ಪ್ರತಿಶತವನ್ನು ಮೂರನೇ ತಿಂಗಳ ಲೆವೆಲ್ ರಿಪೋರ್ಟ್ ಮತ್ತು ನಿಮ್ಮ ಶೆಡ್‌ನಲ್ಲೇ ಕಡಿದ ಶಾಫ್ಟ್‌ನ ಅಳತೆ ಪಟ್ಟಿ ಎರಡೂ ಕೈಗೆ ಬಂದ ಮೇಲೆ ಕೊಡಿ.